ಕಿತ್ತಳೆಯ ಮೇಲಿನ ಮುದ್ರೆ

ಅಮೆರಿಕದ ನಿರ್ದೇಶಕ ಲಿಯೋ ಮೆಕೇರಿಗೆ ಆಸ್ಕರ್ ಪ್ರಶಸ್ತಿ ತಂದಿತ್ತ ‘ದಿ ಆಫುಲ್ ಟ್ರೂತ್’ (1937) ಮೇಲ್ನೋಟಕ್ಕೆ ವಿನೋದಚಿತ್ರ. ಅದರ ಒಳಗಿರುವುದು ದಾಂಪತ್ಯದಲ್ಲಿ ವಿಶ್ವಾಸವೆಂಬ ಮೂಲಧನದ ಪ್ರಶ್ನೆ.

ಫ್ಲೋರಿಡಾಕ್ಕೆ ಹೋಗಿದ್ದೆನೆಂದು ಪತ್ನಿಯನ್ನು ನಂಬಿಸಲು ಜೆರಿ (ಕ್ಯಾರಿ ಗ್ರಾಂಟ್) ದೀಪದ ಬೆಳಕಿನಿಂದ ಮೈಬಣ್ಣ ಕಂದಿಸಿಕೊಂಡು, ಕಿತ್ತಳೆಯ ಬುಟ್ಟಿಯೊಡನೆ ಮನೆಗೆ ಮರಳುತ್ತಾನೆ. ಹಣ್ಣಿನ ಮೇಲಿದ್ದ ಕ್ಯಾಲಿಫೋರ್ನಿಯಾದ ಮುದ್ರೆ ಅವನ ಸುಳ್ಳನ್ನು ಬಯಲಿಗೆಳೆಯುತ್ತದೆ. ಪತ್ನಿ ಲೂಸಿಯಾದರೋ (ಐರೀನ್ ಡನ್), ಸಂಗೀತ ಶಿಕ್ಷಕನೊಡನೆ ಬರುವಾಗ ಕಾರು ಕೆಟ್ಟು ರಾತ್ರಿ ತಂಗಬೇಕಾಯಿತೆನ್ನುತ್ತಾಳೆ. ಜೆರಿ ನಂಬುವುದಿಲ್ಲ. ತಾನು ಸುಳ್ಳಾಡಿದವನಿಗೆ ಪರರ ನಿಜವೂ ಸುಳ್ಳೆನಿಸುವುದು ಸಹಜವೇ. ವಿಷಯ ನ್ಯಾಯಾಲಯವನ್ನೇರುತ್ತದೆ, ಸಾಕುನಾಯಿ ಯಾರ ಪಾಲಿಗೆಂಬ ವಾದವೂ ನಡೆಯುತ್ತದೆ. ವಿಚ್ಛೇದನ ಊರ್ಜಿತವಾಗಲು 90 ದಿನಗಳ ಅವಧಿ. ಅದರ ಕಡೆಯ ರಾತ್ರಿ ಇಬ್ಬರೂ ಒಂದಾಗುತ್ತಾರೆ.

ಸಾಕ್ಷ್ಯವನ್ನು ಕೇಳದೆಯೇ ಪರಸ್ಪರ ಒಪ್ಪಿಕೊಳ್ಳುವುದು ಈ ಚಿತ್ರದ ಹಿರಿಮೆ. ಸಂಶಯಕ್ಕೆ ಸಾಕ್ಷ್ಯದಿಂದ ತೃಪ್ತಿಯಿಲ್ಲವೆಂಬುದನ್ನು ಅದು ಬಲ್ಲುದು. ಆದರೆ ಜೆರಿ ಆ ದಿನಗಳನ್ನು ಎಲ್ಲಿ ಕಳೆದನೆಂಬುದನ್ನು ಚಿತ್ರ ಕೊನೆಗೂ ಹೇಳದು. ಅವನು ತನ್ನ ಸಂಶಯವನ್ನು ಬಿಡುತ್ತಾನೆ. ತನ್ನ ಸುಳ್ಳಿಗೆ ಉತ್ತರ ಕೊಡುವುದಿಲ್ಲ. ಕ್ಷಮೆ ಸಾಲವನ್ನು ಮನ್ನಾ ಮಾಡಬಲ್ಲದು. ಲೆಕ್ಕ ತೋರಿಸುವ ಹೊಣೆ ಮಾತ್ರ ಸಾಲಗಾರನದೇ. ನಗೆಯ ನಡುವೆ ಈ ಭೇದ ಮರೆಯಾದುದೇ ಚಿತ್ರದ ಕೊರತೆ.