ಶೈತ್ಯದ ಅಪವಾದ

ಸ್ವೀಡನ್ನಿನ ಸಂಗೀತದ ವಿಷಯದಲ್ಲಿ ರಸಿಕರೆನ್ನಿಸಿಕೊಂಡವರ ನಡುವೆ ಒಂದು ತೀರ್ಪು ಬಹುಕಾಲದಿಂದ ರೂಢಿಯಾಗಿ ಬಂದಿದೆ. ಧಾಟಿಗಳನ್ನು ಹೆಣೆಯುವುದರಲ್ಲಿ ಆ ಜನ ನಿಪುಣರು, ಧ್ವನಿಮುದ್ರಣದ ಶುದ್ಧಿಯಲ್ಲಿ ಅವರಿಗೆ ಸಮನಾದವರು ವಿರಳ, ಆದರೆ ಅವರ ಹಾಡಿನಲ್ಲಿ ಎದೆಯ ಕಾವಿಲ್ಲ. ಶಾಲೆಗೂ ಆಸ್ಪತ್ರೆಗೂ ಮುಪ್ಪಿಗೂ ಸರ್ಕಾರವೇ ಹೊಣೆ ನಿಂತಿರುವ ನಾಡಿನಲ್ಲಿ ಸೋಲ್ ಸಂಗೀತ ಹುಟ್ಟುವುದೆಂತು, ಹುಟ್ಟಿತೆಂದು ತೋರಿದರೂ ಅದು ಅಮೆರಿಕದ ಕಪ್ಪು ಜನರ ವೇದನೆಯಿಂದ ಕಡ ತಂದು ತೊಟ್ಟ ಆಭರಣವಲ್ಲದೆ ಮತ್ತೇನು ಎಂಬುದು ಆ ತೀರ್ಪಿನ ಸಾರ. ಗೊಥೆನ್‌ಬರ್ಗ್ ನಗರದ ಯುಕಿಮಿ ನಗಾನೊ, ‘ಲಿಟಲ್ ಡ್ರ್ಯಾಗನ್’ ತಂಡದ ಕಂಠವೆಂದೇ ಲೋಕಕ್ಕೆ ಪರಿಚಿತಳಾದವಳು, 2025ರ ಮಾರ್ಚಿನಲ್ಲಿ ‘ಫಾರ್ ಯು’ ಎಂಬ ಆಲ್ಬಮನ್ನು ಮೊದಲ ಬಾರಿಗೆ ತನ್ನೊಬ್ಬಳ ಹೆಸರಿನಲ್ಲಿ ಹೊರತಂದಾಗ, ಸಂಗೀತವನ್ನು ಚೆನ್ನಾಗಿ ಬಲ್ಲ ಮಿತ್ರರೊಬ್ಬರು ಅದನ್ನು ಕೇಳಿ, ಸೊಗಸಾಗಿದೆ, ಎಲ್ಲ ಸ್ವೀಡಿಷ್ ಹಾಡುಗಳಂತೆ ತಣ್ಣಗಿದೆ ಎಂದು ನುಡಿದು ಬೇರೆ ಮಾತಿಗೆ ಹೊರಟರು. ಈ ಲೇಖನಕ್ಕೆ ಆ ಮಾತೇ ಕಾರಣ. ಅದನ್ನು ಹಾಗೆಯೇ ಬಿಟ್ಟು ಸುಮ್ಮನಿರುವುದು ನನ್ನಿಂದಾಗಲಿಲ್ಲ.

ತೀರ್ಪಿನ ಮೂಲವನ್ನು ಹುಡುಕಲು ಬಹುದೂರ ಹೋಗಬೇಕಾಗಿಲ್ಲ. 1990ರ ದಶಕದಲ್ಲಿ ಸ್ಟಾಕ್‌ಹೋಮಿನ ಕೈರಾನ್ ಸ್ಟುಡಿಯೊದಲ್ಲಿ ಡೆನಿಜ್ ಪಾಪ್ ಎಂಬವನೂ ಅವನಲ್ಲಿ ಪಳಗಿದ ಮ್ಯಾಕ್ಸ್ ಮಾರ್ಟಿನ್‌ನೂ ಅಮೆರಿಕದ ಎಳೆಯ ಗಾಯಕರಿಗಾಗಿ ಹಾಡುಗಳನ್ನು ಸಿದ್ಧಪಡಿಸಿಕೊಡತೊಡಗಿದರು. 1998ರಲ್ಲಿ ಬ್ರಿಟ್ನಿ ಸ್ಪಿಯರ್ಸಳ ಮೊದಲ ಹಾಡು ಅಲ್ಲಿಂದಲೇ ಹೊರಟು ಭೂಮಂಡಲವನ್ನೆಲ್ಲ ಸುತ್ತಿತು. ಅಕ್ಷರಗಳನ್ನೆಣಿಸಿ ಧಾಟಿಗೆ ಕೂಡಿಸಿ, ಪಲ್ಲವಿ ಎಷ್ಟು ಬೇಗ ಬಂದು ಎಷ್ಟು ಸಲ ಮರಳಬೇಕೆಂಬುದನ್ನು ಮೊದಲೇ ನಿಶ್ಚಯಿಸಿ ಕಟ್ಟಿದ ಆ ಕೃತಿಗಳಲ್ಲಿ ಕೌಶಲವಿಲ್ಲವೆಂದು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಅವು ನನಗೆ ಬೇಡವೆಂದಷ್ಟೇ ಹೇಳುತ್ತೇನೆ. ಪರದೇಶದ ಸಂತೆಗೆಂದು ಮಾಡಿ ಕಳುಹಿಸಿದ ಸರಕನ್ನು ನೋಡಿ ಆ ಮನೆಯವರ ಊಟ ಎಂಥದೆಂದು ನಿರ್ಣಯಿಸಹೊರಟವರು ಮಾಡಿದ ಪ್ರಮಾದವೇ ಇಂದು ವಿಮರ್ಶೆಯೆಂಬ ಹೆಸರಿನಲ್ಲಿ ನಡೆಯುತ್ತಿದೆ.

ಆ ಮನೆಯ ಒಳಗಿನ ದನಿ ಬೇರೆ. 1964ರಲ್ಲಿ ಯಾನ್ ಯೋಹಾನ್ಸನ್ ತನ್ನ ನಾಡಿನ ಹಳೆಯ ಜನಪದ ಧಾಟಿಗಳನ್ನು ಆಯ್ದು, ತನ್ನ ಪಿಯಾನೊ ಮತ್ತು ಗೇಓರ್ಗ್ ರೀಡಲ್‌ನ ಡಬಲ್ ಬೇಸ್, ಇವೆರಡೇ ವಾದ್ಯಗಳಿಂದ ‘ಜಾಜ್ ಪೋ ಸ್ವೆನ್ಸ್ಕಾ’ ಎಂಬ ಆಲ್ಬಮನ್ನು ರಚಿಸಿದನು. ಅದನ್ನು ಕೇಳಿದವರಿಗೆ ನಾನು ವಿವರಿಸಬೇಕಾದುದೇನೂ ಇಲ್ಲ. ಒಂದು ಸ್ವರವನ್ನು ಮೀಟಿ, ಅದು ಅಡಗುವವರೆಗೆ ಕಾದು, ಆಮೇಲೆ ಮುಂದಿನದಕ್ಕೆ ಕೈಯಿಡುವ ಆ ವಾದನದಲ್ಲಿ ಅಲಂಕಾರವೆಂಬುದು ಇಲ್ಲವೇ ಇಲ್ಲವೆನ್ನಬಹುದು; ಆದಾಗ್ಯೂ ಅದರಲ್ಲಿರುವ ಶೋಕವನ್ನು ತಾಳಿಕೊಂಡು ಕೂತಿರುವುದು ಸುಲಭವಲ್ಲ. ಅದೇ ವರ್ಷ ಮೋನಿಕಾ ಸೆಟ್ಟರ್ಲುಂಡ್ ಸ್ಟಾಕ್‌ಹೋಮಿನಲ್ಲಿ ಅಮೆರಿಕದ ಪಿಯಾನೊವಾದಕ ಬಿಲ್ ಎವನ್ಸನ ಮೂವರ ತಂಡದೊಡನೆ ಹಾಡಿದಳು. ಎವನ್ಸನು ತನ್ನ ಅಣ್ಣನ ಮಗಳಿಗಾಗಿ ಕಟ್ಟಿದ್ದ ವಾಲ್ಟ್ಸ್‌ಗೆ ಬೆಪ್ಪೆ ವೊಲ್ಗೆರ್ಸ್ ಬರೆದ ಸ್ವೀಡಿಷ್ ಮಾತುಗಳನ್ನು ಆಕೆ ಒಂದಿನಿತೂ ಎತ್ತರಿಸದ ದನಿಯಲ್ಲಿ, ಪಕ್ಕದಲ್ಲಿ ಕುಳಿತವರಿಗೆ ಹೇಳುವಷ್ಟು ಮೆಲ್ಲಗೆ, ಹೇಳಿಕೊಂಡು ಹೋದಳು. ಜಾಜ್ ಅಮೆರಿಕದಿಂದ ಬಂದುದೆಂಬುದನ್ನು ಈ ಇಬ್ಬರೂ ಮರೆಮಾಚಲಿಲ್ಲ. ಬಂದುದನ್ನು ತಮ್ಮ ಮಾತಿನ ನಡಿಗೆಗೆ, ತಮ್ಮ ಚಳಿಗಾಲದ ದೀರ್ಘ ಮೌನಕ್ಕೆ ಒಗ್ಗಿಸಿಕೊಂಡರು. ವಾಚ್ಯಕ್ಕಿಂತ ಧ್ವನಿಯೇ ಕಾವ್ಯದ ಜೀವವೆಂದು ಒಪ್ಪಿದ ಅಲಂಕಾರಶಾಸ್ತ್ರದ ಪರಂಪರೆಯಲ್ಲಿ ಬೆಳೆದ ಓದುಗರು, ಗಂಟಲೆತ್ತಿ ಅತ್ತರೆ ಮಾತ್ರ ದುಃಖವೆಂದು ಒಪ್ಪುವ ಈ ಹೊಸ ಮಾನದಂಡವನ್ನು ಹೇಗೆ ಒಪ್ಪಿಕೊಂಡರೋ ನನಗೆ ತಿಳಿಯದು.

ಇನ್ನು ಲಿಟಲ್ ಡ್ರ್ಯಾಗನ್ನಿಗೆ ಬರುತ್ತೇನೆ. ನನ್ನ ಪಕ್ಷ ಯಾವುದೆಂಬುದು ಈಗಾಗಲೇ ತಿಳಿದಿದ್ದೀತು. 1996ರಲ್ಲಿ, ಇನ್ನೂ ಶಾಲೆಯಲ್ಲಿದ್ದಾಗಲೇ ಕೂಡಿಕೊಂಡ ಗೆಳೆಯರ ತಂಡವದು: ನಗಾನೊ, ಡ್ರಮ್ ಬಾರಿಸುವ ಎರಿಕ್ ಬೋಡಿನ್, ಬೇಸಿನ ಫ್ರೆಡ್ರಿಕ್ ವಲ್ಲಿನ್, ಆಮೇಲೆ ಕೀಬೋರ್ಡಿಗೆ ಬಂದ ಹೋಕನ್ ವಿರೆನ್‌ಸ್ಟ್ರಾಂಡ್. ನಗಾನೊಳ ತಂದೆ ಜಪಾನಿನವನು, ತಾಯಿ ಅಮೆರಿಕದವಳು. ಹುಟ್ಟಿ ಬೆಳೆದುದು ಗೊಥೆನ್‌ಬರ್ಗಿನಲ್ಲಿ. ಹದಿಹರೆಯ ಕಳೆಯುವ ಮೊದಲೇ ‘ಕೂಪ್’ ಎಂಬ ಜೋಡಿ ಆಕೆಯ ಕಂಠವನ್ನು ಗುರುತಿಸಿ 2001ರ ತಮ್ಮ ಆಲ್ಬಮಿಗೆ ಕರೆದೊಯ್ದಿತು. ಆದರೆ ಆಕೆಯ ಸ್ವಂತ ತಂಡದ ಮೊದಲ ಆಲ್ಬಮು ಬಂದುದು 2007ರಲ್ಲಿ. ಹನ್ನೊಂದು ವರ್ಷಗಳ ಅಭ್ಯಾಸ, ಅಜ್ಞಾತವಾಸ, ಒಟ್ಟಿಗೆ ಬಾಳುವುದರ ಜಗಳ ಇವೆಲ್ಲ ಆ ಆಲ್ಬಮಿನ ಹಿಂದಿವೆ. ತಂಡದ ಹೆಸರೇ ಸ್ಟುಡಿಯೊದಲ್ಲಿ ಆಗಾಗ ಸಿಡಿಯುತ್ತಿದ್ದ ನಗಾನೊಳ ಕೋಪದಿಂದ ಬಂದುದು. ಭಾವವೇ ಇಲ್ಲದ ಜನವೆಂದು ಇವರನ್ನು ಕರೆಯುವವರು ಅಷ್ಟನ್ನಾದರೂ ನೆನೆಯಬೇಕಾಗಿತ್ತು.

ಆ ಆಲ್ಬಮಿನ ಮೊದಲ ಹಾಡಾದ ‘ಟ್ವೈಸ್’ ಒಂದನ್ನೇ ಹತ್ತಿರದಿಂದ ನೋಡೋಣ. ಪಿಯಾನೊ ಕೆಲವೇ ಸ್ವರಗುಚ್ಛಗಳನ್ನು ನಿಧಾನವಾಗಿ ಹಾಸಿ, ಅವನ್ನೇ ಮತ್ತೆ ಮತ್ತೆ ಹಾಸುತ್ತದೆ. ಉಳಿದ ವಾದ್ಯಗಳು ಇದ್ದೂ ಇಲ್ಲದಂತೆ ಹಿಂದೆ ನಿಲ್ಲುತ್ತವೆ. ಕಂಠ ಮಾತ್ರ ಮುಂದೆ, ಉಸಿರಾಟ ಕೇಳಿಸುವಷ್ಟು ಹತ್ತಿರದಲ್ಲಿ. ಅಮೆರಿಕದ ಇಗರ್ಜಿಗಳಲ್ಲಿ ಬೆಳೆದ ಸೋಲ್ ಗಾಯಕರು ಒಂದೇ ಅಕ್ಷರದ ಮೇಲೆ ಹಲವು ಸ್ವರಗಳನ್ನು ಸುತ್ತಿಸಿ ಆವೇಶದ ಶಿಖರವನ್ನೇರುವ ಪದ್ಧತಿಯುಂಟಷ್ಟೆ. ನಗಾನೊ ಅದರ ಸಮೀಪಕ್ಕೂ ಹೋಗಳು. ಏರಬೇಕೆಂದು ನಮ್ಮ ಕಿವಿ ನಿರೀಕ್ಷಿಸುವ ಸ್ಥಳದಲ್ಲಿ ಆಕೆ ಇಳಿಯುತ್ತಾಳೆ. ಸಾಲಿನ ತುದಿಯನ್ನು ಪೂರ್ತಿ ಹಿಡಿಯದೆ, ಸ್ವಲ್ಪ ಗಡುಸಾದ, ಅಂಚು ಸವೆದಂತಿರುವ ದನಿಯಲ್ಲಿ ಅದನ್ನು ಬಿಟ್ಟುಬಿಡುತ್ತಾಳೆ. ನಷ್ಟವಾದುದನ್ನು ಹೆಸರಿಸಲೂ ಮನಸ್ಸಿಲ್ಲದವಳು ಹಾಡುವ ರೀತಿಯದು. ಇದನ್ನು ಶೈತ್ಯವೆಂದು ಕರೆಯುವವರಿಗೂ ನನಗೂ ನಡುವೆ ಇರುವ ಭೇದ ಅಭಿರುಚಿಯದಷ್ಟೇ ಅಲ್ಲ. ಸಂಯಮವನ್ನು ಅವರು ಅನುಭವದ ಅಭಾವವೆಂದು ತಿಳಿಯುತ್ತಾರೆ, ನಾನು ಅದನ್ನು ಅನುಭವದ ಪರಿಪಾಕವೆಂದು ತಿಳಿಯುತ್ತೇನೆ. ಯೋಹಾನ್ಸನ್ನನ ಪಿಯಾನೊವನ್ನು ಕೇಳಿ ಕೂಡಲೇ ‘ಟ್ವೈಸ್’ ಕೇಳಿದವರು ಇವೆರಡೂ ಒಂದೇ ನಾಡಿನವೆಂಬುದನ್ನು ಅರಿಯದೆ ಇರಲಾರರು.

2011ರ ‘ರಿಚುಅಲ್ ಯೂನಿಯನ್’ನಲ್ಲಿ ಈ ಸಂಯಮವೇ ನರ್ತನಕ್ಕೆ ಇಳಿಯಿತು. ಬೋಡಿನ್ನನ ಒಣ, ಚಿಕ್ಕ, ಹೆಚ್ಚು ಮಾತಾಡದ ತಾಳ. ಅದರ ಕೆಳಗೆ ಉರುಳುವ ವಲ್ಲಿನ್ನನ ಬೇಸು. ನಡುವೆ ಧಾರಾಳವಾಗಿ ಖಾಲಿ ಬಿಟ್ಟ ಜಾಗ. ಆ ಜಾಗದಲ್ಲಿ ದಾಂಪತ್ಯದ ಭರವಸೆಯನ್ನೂ ಶಂಕೆಯನ್ನೂ ಒಂದೇ ಉಸಿರಿನಲ್ಲಿ ಹಾಡುವ ಕಂಠ. 2014ರ ‘ನಬೂಮಾ ರಬ್ಬರ್‌ಬ್ಯಾಂಡ್’ ಗ್ರ್ಯಾಮಿ ಪ್ರಶಸ್ತಿಗೆ ಸೂಚಿತವಾಯಿತು. ಅದು ನನಗೆ ಅಷ್ಟು ಪ್ರಿಯವಲ್ಲ, ಸಿಂಥಸೈಸರಿನ ಪೋಷಾಕು ಅದರಲ್ಲಿ ಹೆಚ್ಚಾಯಿತು. ಆದರೆ ಪ್ರಶಸ್ತಿಗಳಿಗಿಂತ ಬಲವತ್ತರವಾದ ಸಾಕ್ಷ್ಯವೊಂದಿದೆ. ಕಡ ತಂದ ಆಭರಣವೆಂದು ದೂರುವವರಿದ್ದಾರಲ್ಲ, ಆ ಆಭರಣದ ಒಡೆಯರು ಏನೆಂದರೆಂಬುದನ್ನು ಕೇಳಬೇಡವೆ? ಅಟ್ಲಾಂಟಾದ ರ್ಯಾಪ್ ಗಾಯಕ ಬಿಗ್ ಬಾಯ್ 2012ರಲ್ಲಿ ಈ ತಂಡವನ್ನು ತನ್ನ ಆಲ್ಬಮಿಗೆ ಒಂದಲ್ಲ, ಹಲವು ಹಾಡುಗಳಿಗೆ ಕರೆದನು. ಹಿಪ್‌ಹಾಪಿನ ಹಿರಿಯರಾದ ಡಿ ಲಾ ಸೋಲ್ 2016ರಲ್ಲಿ ಕರೆದರು. ಜಾಜ್ ವಾದಕಿ ಆಲಿಸ್ ಕೋಲ್ಟ್ರೇನಳ ಕುಟುಂಬದಲ್ಲಿ ಹುಟ್ಟಿದ ಸಂಗೀತಗಾರ ಫ್ಲೈಯಿಂಗ್ ಲೋಟಸ್ 2019ರಲ್ಲಿ ಕರೆದನು. ಸೋಲ್ ಯಾರ ಪಿತ್ರಾರ್ಜಿತವೋ ಅವರೇ ಈ ಕಂಠದಲ್ಲಿ ತಮ್ಮಲ್ಲಿಲ್ಲದ ಯಾವುದೋ ಒಂದನ್ನು ಕಂಡು ಅತಿಥಿಯಾಗಿ ಬರಮಾಡಿಕೊಂಡಿರುವಾಗ, ದೂರದಲ್ಲಿ ಕುಳಿತ ನಾವು ಅವರ ಪರವಾಗಿ ಮೊಕದ್ದಮೆ ಹೂಡುವುದು ಅನಪೇಕ್ಷಿತ ವಕೀಲಿಕೆ.

‘ಫಾರ್ ಯು’ ಆ ತಂಡವನ್ನು ತೊರೆದು ಬಂದವಳ ಕೃತಿಯಲ್ಲ. ಆದರೂ ತಂಡದ ಆಲ್ಬಮುಗಳಲ್ಲಿ ತಾಳದ ಮರೆಗೆ ಸರಿಯುತ್ತಿದ್ದ ಕಂಠ ಇಲ್ಲಿ ಮರೆಯಿಲ್ಲದೆ ನಿಂತಿದೆ. ನಡುವಯಸ್ಸು, ತಾಯ್ತನ, ಹೆತ್ತವರ ನೆನಪು ಇವು ವಿಷಯಗಳಾಗಿವೆ. ಲಂಡನ್ನಿನ ಲಿಯಾನ್ ಲಾ ಹವಾಸಳೊಡನೆ ಹಾಡಿದ ‘ಸ್ಟ್ರೀಮ್ ಆಫ್ ಕಾನ್ಷಿಯಸ್‌ನೆಸ್’ನಲ್ಲಿ ಎರಡು ಕಂಠಗಳು ಸ್ಪರ್ಧೆಗಿಳಿಯದೆ ಒಂದನ್ನೊಂದು ಕೇಳಿಕೊಳ್ಳುತ್ತವೆ, ಇಬ್ಬರು ಸಮರ್ಥ ಗಾಯಕಿಯರು ಕೂಡಿದಾಗ ಇದು ಎಷ್ಟು ಅಪರೂಪವೆಂಬುದನ್ನು ಯುಗಳಗಾನಗಳ ಚರಿತ್ರೆ ಬಲ್ಲವರಿಗೆ ಹೇಳಬೇಕಾಗಿಲ್ಲ.

ಸುಖದ ನಾಡಿನಲ್ಲಿ ಸೋಲ್ ಹುಟ್ಟದು ಎಂಬ ವಾದವನ್ನು ನಾನು ಕೇವಲ ತಪ್ಪೆಂದು ಎಣಿಸುವುದಿಲ್ಲ, ಕ್ರೂರವೆಂದು ಎಣಿಸುತ್ತೇನೆ. ಕಲಾವಿದನ ಹಾಡಿಗೆ ಮೊದಲು ಅವನ ಗಾಯವನ್ನು ತೋರಿಸೆಂದು ಕೇಳುವ ಅಭಿರುಚಿ, ಗಾಯಗಳು ಮಾಯದೆ ಇರಲೆಂದು ಒಳಗೊಳಗೆ ಬಯಸುವ ಅಭಿರುಚಿಯೇ ಆಗಿದೆ. ಸ್ವೀಡನ್ನಿನಲ್ಲಿ ಎರಡನೆಯ ಮಹಾಯುದ್ಧದ ಬಳಿಕ ಊರೂರಿಗೆ ಹಬ್ಬಿದ ಪೌರಸಭೆಯ ಸಂಗೀತಶಾಲೆಗಳಲ್ಲಿ ಸಾಮಾನ್ಯರ ಮಕ್ಕಳು ಅಲ್ಪ ಶುಲ್ಕಕ್ಕೆ ವಾದ್ಯ ಕಲಿತರು. ಸರ್ಕಾರದ ಧನಸಹಾಯ ಪಡೆಯುವ ವಯಸ್ಕ ಶಿಕ್ಷಣ ಸಂಘಗಳು ಎಷ್ಟೋ ತಂಡಗಳಿಗೆ ಅಭ್ಯಾಸದ ಕೊಠಡಿ ಒದಗಿಸಿದವು. ಹೊಟ್ಟೆ ತುಂಬಿದವನಿಗೆ ಹಾಡು ಬಾರದೆಂಬ ಮಾತು ನಿಜವಾಗಿದ್ದರೆ ಆ ನಾಡು ಮೂಕವಾಗಿರಬೇಕಾಗಿತ್ತು. ಹತ್ತು ವರ್ಷ ಯಾರೂ ಕೇಳದಿದ್ದರೂ ನಾಲ್ವರು ಗೆಳೆಯರು ಚದುರದೆ ಉಳಿಯುವುದಕ್ಕೆ ಪ್ರತಿಭೆಯೊಂದೇ ಸಾಲದು, ಅಂಥ ಆಸರೆಯೂ ಬೇಕು.

ಅಲ್ಲದೆ, ಆ ನಾಡಿನಲ್ಲಿ ದುಃಖವಿಲ್ಲವೆಂದವರಾರು? ಗ್ಯಾಂಬಿಯಾದ ಸಂಗೀತಗಾರ ಮೌಡೊ ಸೇಯ ಮಗಳು, 1990ರಲ್ಲಿ ಸ್ಟಾಕ್‌ಹೋಮಿನಲ್ಲಿ ಹುಟ್ಟಿ ಹಾಲ್ಮ್‌ಸ್ಟಡ್‌ನಲ್ಲಿ ಬೆಳೆದ ಸೈನಾಬೊ ಸೇ, 2015ರ ‘ಪ್ರಿಟೆಂಡ್’ ಆಲ್ಬಮಿನಲ್ಲಿ ತುಂಬುಕಂಠದಿಂದ, ಮೇಳದ ಬಲದಿಂದ, ಡ್ರಮ್ಮುಗಳ ಗಂಭೀರ ಪೆಟ್ಟಿನಿಂದ ಹಾಡಿದಾಗ, ಮೆಲುದನಿಯೊಂದೇ ಸ್ವೀಡನ್ನಿನ ದಾರಿಯಲ್ಲವೆಂಬುದು ನನ್ನಂಥ ಪಕ್ಷಪಾತಿಗೂ ಸ್ಪಷ್ಟವಾಯಿತು. ಮರುವರ್ಷ ಸ್ವೀಡನ್ನಿನ ಗ್ರ್ಯಾಮಿಸ್ ಪ್ರಶಸ್ತಿ ಸಮಾರಂಭದಲ್ಲಿ ಆಕೆ ‘ಹಾರ್ಡ್ ಟೈಮ್’ ಹಾಡುವಾಗ ನೂರಕ್ಕೂ ಮಿಕ್ಕ ಕಪ್ಪು ಮಹಿಳೆಯರು ಆಕೆಯೊಡನೆ ನಿಂತರು. ಅವರು ಕುಣಿಯಲಿಲ್ಲ, ಹಾಡಲಿಲ್ಲ. ನಿಶ್ಚಲರಾಗಿ ಸಭೆಯನ್ನು ನೋಡುತ್ತ ನಿಂತರು. ಆ ದೇಶದ ಅತಿಶಯವಾದ ಸಭ್ಯತೆಗೆ ಅದಕ್ಕಿಂತ ತೀಕ್ಷ್ಣವಾದ ಪ್ರಶ್ನೆಯನ್ನು ಯಾವ ಭಾಷಣವೂ ಹಾಕಿರಲಾರದು. ಇದಕ್ಕೂ ಹಿಂದೆ ಗಾಯಕಿ ನೆನೆ ಚೆರಿ ಇದ್ದಾಳೆ; ಸ್ಕೋನೆ ಪ್ರಾಂತದ ತೋಗಾರ್ಪ್ ಗ್ರಾಮದ ಹಳೆಯ ಶಾಲೆಯ ಕಟ್ಟಡದಲ್ಲಿ, ಮಲತಂದೆ ಡಾನ್ ಚೆರಿಯ ತುತ್ತೂರಿಯನ್ನು ಕೇಳುತ್ತ, ತಾಯಿ ಮೋಕಿ ಹೊಲಿದ ವರ್ಣರಂಜಿತ ಪಟಗಳನ್ನು ನೋಡುತ್ತ ಬೆಳೆದು, 1989ರಲ್ಲಿ ‘ರಾ ಲೈಕ್ ಸುಶಿ’ಯಿಂದ ಲೋಕವನ್ನು ಬೆರಗುಗೊಳಿಸಿದವಳು. ಆಕೆಯ ಲಂಡನ್ನಿನ ವರ್ಷಗಳನ್ನಷ್ಟೇ ಎತ್ತಿ ಹೇಳಿ ಆ ಶಾಲೆಯ ಮನೆಯನ್ನು ಮರೆಯುವುದು ನ್ಯಾಯವಲ್ಲ.

ಉಪ್ಸಾಲಾದಲ್ಲಿ ಇರಾನೀ ತಂದೆತಾಯಿಗಳಿಗೆ ಹುಟ್ಟಿದ ಸ್ನೋ ಆಲೆಗ್ರಾಳನ್ನು ಏಕೆ ಬಿಟ್ಟಿರೆಂದು ಕೇಳುವವರುಂಟು. ಆಕೆಯ ಕಂಠ ನಿರ್ದುಷ್ಟ; ಲಾಸ್ ಏಂಜಲೀಸಿನಲ್ಲಿ ನೆಲೆಸಿ ಅಲ್ಲಿಯವಳಾಗಿಯೇ ಹಾಡುತ್ತಾಳೆ, ಅದನ್ನು ಅಲ್ಲಿಯವರು ಮೆಚ್ಚಿದ್ದಾರೆ, ನನಗೆ ಅಲ್ಲಿ ಹೇಳುವುದೇನೂ ಇಲ್ಲ. ಅದಕ್ಕಿಂತ ಗೊಥೆನ್‌ಬರ್ಗಿನ ಯೆನ್ಸ್ ಲೆಕ್ಮನ್ ನನಗೆ ಹತ್ತಿರದವನು. ಅಪರಿಚಿತನೊಬ್ಬ ನಿಮ್ಮ ಮದುವೆಯಲ್ಲಿ ಹಾಡಬೇಕಾದರೆ ನನ್ನನ್ನು ಕರೆಯಿರಿ ಎಂಬ ಅರ್ಥದ ಹಾಡೊಂದನ್ನು ಹಿಂದೆ ಬರೆದು, ಅದನ್ನು ನಂಬಿ ಕರೆದವರ ಮದುವೆಗಳಿಗೆ ನಿಜವಾಗಿಯೇ ಹೋಗಿ ಹಾಡುತ್ತ ಬಂದ ಇವನು, ಆ ಅನುಭವವನ್ನೇ ಮೂಲವಾಗಿಟ್ಟುಕೊಂಡು 2025ರಲ್ಲಿ ಒಂದು ಆಲ್ಬಮನ್ನು ತಂದಿದ್ದಾನೆ. ಇಂಡಿ ಎಂಬ ಹೆಸರಿನಲ್ಲಿ ಗಿಟಾರು ಹಿಡಿದವರೆಲ್ಲ ತಮ್ಮ ಏಕಾಂತವನ್ನೇ ಕೊಂಡಾಡಿಕೊಳ್ಳುತ್ತಿರುವಾಗ, ಪರರ ಶುಭಕಾರ್ಯದಲ್ಲಿ ಮೂಲೆಯಲ್ಲಿ ನಿಂತು ಹಾಡಿದ ಈತನಲ್ಲಿ ಎದೆಯ ಕಾವಿಲ್ಲವೆಂದು ಹೇಳಲು ನನಗೆ ಬಾಯಿ ಬಾರದು.

ದೋಷ ಹಾಡಿನಲ್ಲಿಲ್ಲ, ಕೇಳುವ ಕ್ರಮದಲ್ಲಿದೆ ಎಂದು ನಾನು ಬಲವಾಗಿ ನಂಬುತ್ತೇನೆ. 2006ರಲ್ಲಿ ಸ್ಟಾಕ್‌ಹೋಮಿನಲ್ಲಿಯೇ ಸ್ಥಾಪಿತವಾದ ಸ್ಪಾಟಿಫೈ, ಹಾಡನ್ನು ಅದರ ಆಲ್ಬಮಿನಿಂದ ಬಿಡಿಸಿ, ಕರ್ತೃವಿನಿಂದ ಬಿಡಿಸಿ, ನಿದ್ರೆಗೆ ಇಷ್ಟು, ಓದಿಗೆ ಇಷ್ಟು, ಅಡುಗೆಯ ಹೊತ್ತಿಗೆ ಇಷ್ಟು ಎಂದು ಮನಃಸ್ಥಿತಿಯ ಪಟ್ಟಿಗಳಲ್ಲಿ ಹಂಚಿಕೊಡುವ ಪದ್ಧತಿಯನ್ನು ಮನೆಮನೆಗೆ ತಂದಿತು. ಗಟ್ಟಿಯಾಗಿ ಕೂಗುವ ಹಾಡು ಇಂಥ ಪಟ್ಟಿಯಲ್ಲಿಯೂ ತನ್ನ ಇರವನ್ನು ಸಾರಿಕೊಳ್ಳಬಲ್ಲದು. ‘ಟ್ವೈಸ್’ನಂಥದು ಬೇರೆ ಹತ್ತು ಮೆಲುದನಿಗಳ ನಡುವೆ ಹಿತವಾದ ಝೇಂಕಾರವಾಗಿ ಕರಗಿಹೋಗುತ್ತದೆ. ಹಾಗೆ ಕರಗಿಸಿ ಕೇಳಿದವರು ಆಮೇಲೆ ತಣ್ಣಗಿದೆಯೆಂದು ದೂರುತ್ತಾರೆ. ಅವರ ಪಟ್ಟಿಗೆ ಎಂದೂ ಬಾರದ ಹಾಡುಗಳೂ ಉಂಟು: ಸ್ಟಾಕ್‌ಹೋಮಿನ ಅಂಚಿನ ರಿಂಕೆಬಿಯಲ್ಲಿ ವಲಸಿಗರ ನಡುವೆ ಬೆಳೆದ ಸೊಮಾಲಿ ಮೂಲದ ಚೆರಿಯೆ, 2016ರ ‘ಶೆರಿಹಾನ್’ ಆಲ್ಬಮಿನಲ್ಲಿ ಆರ್ ಅಂಡ್ ಬಿ ಸಂಗೀತವನ್ನು ಇಂಗ್ಲಿಷಿನಲ್ಲಲ್ಲ, ತನ್ನ ಬಡಾವಣೆಯ ಸ್ವೀಡಿಷ್ ಮಾತಿನಲ್ಲಿಯೇ ಹಾಡಿದಳು. ಆ ಭಾಷೆ ಅರಿಯದವರಿಗೂ ಆ ಕಂಠದ ದಣಿವೂ ಹಟವೂ ಅರಿವಾಗುತ್ತವೆ. ನನ್ನ ಮಿತ್ರರು ಅದನ್ನು ಕೇಳಿಲ್ಲ. ಕೇಳಿಸುವ ಹೊಣೆಯನ್ನು ನಾನು ಹೊತ್ತಿದ್ದೇನೆ, ಅವರು ಅದನ್ನು ಆದ್ಯಂತವಾಗಿ ಕೇಳಿದ ಬಳಿಕವೇ ಈ ವಾದವನ್ನು ಮುಂದುವರಿಸತಕ್ಕದ್ದೆಂದು ಅವರಿಗೆ ತಿಳಿಸಿಯೂ ಇದ್ದೇನೆ.