ಪುರುಸೊತ್ತು ಯಾರಿಗಿದೆ?

ಪುರುಸೊತ್ತು ಎಂಬ ಮಾತು ಅರಬಿಯಲ್ಲಿ ಹುಟ್ಟಿ, ಫಾರ್ಸಿ ಉರ್ದುಗಳ 'ಫುರ್ಸತ್' ಆಗಿ, ಅಲ್ಲಿಂದ ಕನ್ನಡಕ್ಕೆ ಬಂದದ್ದು. ಬಂದ ಮೇಲೆ ಅದು ಎಷ್ಟು ಇಲ್ಲಿಯದೇ ಆಗಿಹೋಯಿತೆಂದರೆ, ಹಳ್ಳಿಯ ಮುದುಕಿಗೂ ಅದು ಹೊರಗಿನದೆನಿಸುವುದಿಲ್ಲ. ಮಂಡ್ಯ ಸೀಮೆಯಲ್ಲಿ ಈ ಮಾತನ್ನು ಹೆಚ್ಚಾಗಿ 'ಇಲ್ಲ' ಎನ್ನುವುದಕ್ಕೇ ಬಳಸುತ್ತಾರೆ. 'ಪುರ್ಸೊತ್ತಿಲ್ಲ ಕಣಪ್ಪ' ಎಂದರೆ ಮರ್ಯಾದೆ. ಇದೆ ಎಂದು ಒಪ್ಪಿಕೊಂಡ ಗಂಡಸು ಸೋಮಾರಿ. ಹೆಂಗಸಾದರೆ ಇನ್ನೂ ಕೆಟ್ಟ ಹೆಸರು ಕಾದಿರುತ್ತದೆ.

ದುಡಿಯುವ ವಯಸ್ಸಿನ ಹುಡುಗ ಹುಡುಗಿಯರ ಬದುಕಿನಲ್ಲಿ ಕೆಲಸ ಎಷ್ಟು ನಿಜವೋ ಕೆಲಸ ಮುಗಿದ ಮೇಲಿನ ಗಂಟೆಯೂ ಅಷ್ಟೇ ನಿಜ. ಸಂಬಳದ ದಿನ ತಳ್ಳುಗಾಡಿಯ ಮುಂದೆ ನಿಂತು ತಿಂದ ಗೋಬಿ ಮಂಚೂರಿ, ಮನೆಯಲ್ಲಿ ಹೇಳದೆ ನೋಡಿದ ಸಿನಿಮಾ, ಒಂದೇ ಬೈಕಿನಲ್ಲಿ ಮೂವರು ಕೂತು ಬಲಮುರಿಗೋ ಮೇಲುಕೋಟೆಗೋ ಹೋಗಿಬಂದ ಭಾನುವಾರ, ಇವೆಲ್ಲ ಮುಂದೆ ಇಡೀ ಬದುಕಿಗೆ ನೆನಪಾಗಿ ಉಳಿಯುವಂಥವು. ಆದರೆ ನಮ್ಮಲ್ಲಿ ಇದಕ್ಕೆ ಗೌರವದ ಹೆಸರಿಲ್ಲ. ಹಿರಿಯರು ಪೋಲಿತನ ಎನ್ನುತ್ತಾರೆ, ಸಿನಿಮಾದವರು ಅದನ್ನು ಹಾಡು ಮಾಡುತ್ತಾರೆ. ಹಾಡಿನಲ್ಲಾದರೂ ಅದು ಯಾರ ಪಾಲಿಗೆ ಬರುತ್ತದೆ ಎಂಬುದನ್ನು ಒಂದೆರಡು ಕನ್ನಡ ಚಿತ್ರಗಳನ್ನು ಇಟ್ಟುಕೊಂಡು ನೋಡಬಹುದು.

ರಾಮ್ ರೆಡ್ಡಿ ನಿರ್ದೇಶಿಸಿದ 'ತಿಥಿ'ಯಿಂದಲೇ ಆರಂಭಿಸೋಣ. ಈರೇಗೌಡರ ಜೊತೆಗೂಡಿ ಬರೆದ ಈ ಚಿತ್ರ 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆದು, 2016ರಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಎಂದೂ ಬಣ್ಣ ಹಚ್ಚದ ಊರ ಜನರನ್ನೇ ನಿಲ್ಲಿಸಿ ತೆಗೆದ ಚಿತ್ರವಿದು. ಇದರ ಭಾಷೆಯ ಬಗ್ಗೆ, ಬೈಗುಳದ ಸೊಗಸಿನ ಬಗ್ಗೆ ಎಷ್ಟೋ ಮಂದಿ ಬರೆದಿದ್ದಾರೆ. ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಹನ್ನೊಂದನೆಯ ದಿನದ ತಿಥಿಯೊಳಗೆ ಮೂರು ತಲೆಮಾರುಗಳ ಬದುಕು ಬಿಚ್ಚಿಕೊಳ್ಳುತ್ತದೆ ಎಂಬುದು ಕಥೆ. ನನಗೆ ಮಾತ್ರ ಇದು ಸಾವಿನ ಕಥೆಗಿಂತ ಹೆಚ್ಚಾಗಿ ಪುರುಸೊತ್ತಿನ ಕಥೆಯಾಗಿ ಕಾಣುತ್ತದೆ. ಸೆಂಚುರಿ ಗೌಡ ಬೀದಿಬದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬೈಯುತ್ತಾನೆ. ಅವನ ಮಗ ಗಡ್ಡಪ್ಪ ಬೀಡಿ ಸೇದುತ್ತ, ಬ್ರಾಂಡಿ ಕುಡಿಯುತ್ತ ಹೊಲದ ಬದುಗಳಲ್ಲಿ ನಡೆಯುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಐದೆಕರೆ ಜಮೀನಿನ ಕಾಗದದ ಚಿಂತೆ. ಇಡೀ ಚಿತ್ರದಲ್ಲಿ ಪುರುಸೊತ್ತಿಲ್ಲದ ಗಂಡಸು ಅವನೊಬ್ಬನೇ. ಅವನ ಮಗ ಅಭಿಗೆ ಇಸ್ಪೀಟು, ಗೆಳೆಯರು, ಮೊಬೈಲಿನೊಳಗಿನ ಕದ್ದು ನೋಡುವ ಚಿತ್ರಗಳು, ಮತ್ತು ಕಾವೇರಿ.

ಗಡ್ಡಪ್ಪನನ್ನು ಅವಧೂತನೆಂದು, ಫಕೀರನೆಂದು ಮೆಚ್ಚುವುದು ಸುಲಭ. ಆಸ್ತಿ ಬೇಡವೆಂದವನ ಮುಂದೆ ಆಸ್ತಿಗಾಗಿ ಸುಳ್ಳು ಕಾಗದ ಮಾಡಿಸುವ ಮಗ ಸಣ್ಣವನಾಗಿ ಕಾಣುತ್ತಾನೆ. ಚಿತ್ರದ ಹೆಚ್ಚುಗಾರಿಕೆಯೆಂದರೆ, ಈ ಅಲೆದಾಟದ ಕೆಳಗೊಂದು ಗಾಯವಿದೆ ಎಂಬುದನ್ನು ಗಡ್ಡಪ್ಪನ ಬಾಯಿಂದಲೇ, ಕುರಿಗಾಹಿಗಳ ಮುಂದೆ ರಾತ್ರಿ ಹೇಳುವ ಕಥೆಯಾಗಿ ಹೊರಡಿಸುವುದು. ಅಂದರೆ ಮುದುಕನ ಪುರುಸೊತ್ತಿಗೆ ಒಂದು ಕಾರಣವಿದೆ, ಒಂದು ಚರಿತ್ರೆಯಿದೆ. ಅಭಿಯದಕ್ಕೆ ಅದೂ ಬೇಡ. ಅವನು ಆ ವಯಸ್ಸಿನ ಗಂಡು, ಅಷ್ಟು ಸಾಕು.

ಕಾವೇರಿ ಕುರಿ ಕಾಯುವ ಅಲೆಮಾರಿ ಕುಟುಂಬದ ಹುಡುಗಿ. ಅಭಿ ಅವಳ ಹಿಂದೆ ಬೀಳುತ್ತಾನೆ. ಇಬ್ಬರೂ ಒಂದೇ ಬಯಲಿನಲ್ಲಿದ್ದಾರೆ, ಹೆಚ್ಚು ಕಡಿಮೆ ಒಂದೇ ವಯಸ್ಸು. ಆದರೆ ಬಯಲು ಅವನಿಗೆ ಆಟದ ಜಾಗ, ಅವಳಿಗೆ ಕೆಲಸದ ಜಾಗ. ಅವನು ಸಾಹಸಕ್ಕೆ ಹೊರಟಿದ್ದಾನೆ, ಅವಳು ಕಣ್ಣಿನ ಒಂದು ಪಾಲನ್ನು ಮಂದೆಯ ಮೇಲೆ ಇಟ್ಟುಕೊಂಡೇ ಅವನಿಗೆ ಉತ್ತರ ಕೊಡಬೇಕು. ಚಿತ್ರ ಇದನ್ನು ಸುಳ್ಳು ಹೇಳದೆ ತೋರಿಸುತ್ತದೆ, ಅದನ್ನು ಒಪ್ಪಬೇಕು. ಆದರೆ ತೋರಿಸಿದ್ದನ್ನು ವಿಚಾರಿಸುವುದಿಲ್ಲ. ಕೊನೆಗೆ ಅವಳು ಒಲಿಯುತ್ತಾಳೆ. ಯಾಕೆ ಒಲಿದಳು, ಆ ಒಲವು ಅವಳ ದಿನದಲ್ಲಿ ಏನಾಗಿತ್ತು, ಅವಳಿಗೂ ಅದೊಂದು ಸಾಹಸವೇ ಆಗಿತ್ತೆ ಎಂದು ತಿಳಿಯಲು ದಾರಿಯಿಲ್ಲ. ಗಡ್ಡಪ್ಪನ ಗುಟ್ಟಿಗೆ ಒಂದು ರಾತ್ರಿಯನ್ನೇ ಕೊಟ್ಟ ಚಿತ್ರ ಕಾವೇರಿಯ ಮನಸ್ಸಿಗೆ ಒಂದು ಮಧ್ಯಾಹ್ನವನ್ನಾದರೂ ಕೊಡಬಹುದಿತ್ತು. ಅಭಿ ಇನ್ನೂ ಹುಡುಗ, ದುಡಿಮೆಗೆ ಬಿದ್ದವನಲ್ಲ. ಇವರಿಬ್ಬರಲ್ಲಿ ದುಡಿಯುವವಳು ಅವಳೇ ಎನ್ನುವುದನ್ನು ಈ ಚಿತ್ರದ ಬಗ್ಗೆ ನಾನು ಓದಿದ ಬರಹಗಳಲ್ಲಿ ಕಾಣಲಿಲ್ಲ.

ಇದೇ ಜಿಲ್ಲೆಯ ಬಸರಾಳಿನ ಕಡೆಗೆ ಬಂದರೆ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಹೊರಗಿನವರಿಗೆ ಬಸರಾಳು ಎಂದರೆ ಮಲ್ಲಿಕಾರ್ಜುನ ದೇವಾಲಯ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರಲ್ಲಿ, ದಂಡನಾಯಕ ಹರಿಹರ ಕಟ್ಟಿಸಿದ್ದು. ಗೋಡೆಯ ತುಂಬ ದೇವತೆಗಳು, ಆನೆ ಕುದುರೆಗಳು, ಪುರಾಣದ ಕಥೆಗಳು. ಕಟ್ಟಿಸಿದವನ ಹೆಸರು, ಆಳಿದವನ ಹೆಸರು ನಮಗೆ ಗೊತ್ತು. ಉಳಿ ಕೆಳಗಿಟ್ಟ ಮೇಲೆ ಆ ಕಲ್ಲುಕುಟಿಗರು ಸಂಜೆ ಏನು ಮಾಡುತ್ತಿದ್ದರು, ಎಲ್ಲಿ ನಗುತ್ತಿದ್ದರು ಎಂಬುದನ್ನು ಹೇಳುವ ಶಾಸನವನ್ನು ಯಾರೂ ಬರೆಸುವುದಿಲ್ಲ. ಇದನ್ನು ಹೊಯ್ಸಳರ ಮೇಲಿನ ದೂರಾಗಿ ಹೇಳುತ್ತಿಲ್ಲ. ಎಂಟುನೂರು ವರ್ಷದ ಮೇಲೂ ನಾವು ಅದೇ ರೂಢಿಯಲ್ಲಿದ್ದೇವೆ ಎಂಬುದಕ್ಕಾಗಿ ಹೇಳಿದೆ.

ಬಸರಾಳಿನಂಥ ಊರಿನಿಂದ ಹೊರಟು ಗಾರ್ಮೆಂಟ್ಸ್‌ಗೆ ಹೋಗುವ ಇಪ್ಪತ್ತೆರಡರ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಕತ್ತಲಿರುವಾಗಲೇ ಎದ್ದು, ಮನೆಯ ಕೆಲಸ ಮುಗಿಸಿ, ಡಬ್ಬಿಗೆ ಅನ್ನ ಹಾಕಿಕೊಂಡು ಗಾಡಿ ಹಿಡಿಯಬೇಕು. ಕಾರ್ಖಾನೆಯಲ್ಲಿ ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್. ತಾನು ಹೊಲಿಯುವುದು ಅಂಗಿಯನ್ನಲ್ಲ, ಅಂಗಿಯ ಕಾಲರನ್ನೋ ಜೇಬನ್ನೋ ಮಾತ್ರ. ಸಂಜೆ ಮತ್ತೆ ಗಾಡಿ, ಮತ್ತೆ ಒಲೆ. ಈ ದಿನದೊಳಗೆ ಅವಳದೆಂಬ ಸಮಯ ಎಲ್ಲಿದೆ? ಇದೆ. ಗಾಡಿಯ ಸೀಟಿನಲ್ಲಿದೆ. ಕಿವಿಗೆ ಸಿಕ್ಕಿಸಿಕೊಂಡ ಹಾಡಿನಲ್ಲಿ, ಪಕ್ಕದ ಲೈನಿನ ಗೆಳತಿಯೊಂದಿಗೆ ಸೂಪರ್‌ವೈಸರನ ನಡಿಗೆಯನ್ನು ಅಣಕಿಸಿ ನಕ್ಕ ನಗುವಿನಲ್ಲಿ, ಸಂಬಳ ಬಂದ ವಾರ ಮಂಡ್ಯದ ಪೇಟೆಬೀದಿಯಲ್ಲಿ ಕೊಳ್ಳದೆ ನೋಡಿದ ಹತ್ತು ಚೂಡಿದಾರ್‌ಗಳಲ್ಲಿ ಇದೆ. ಬುರ್ಖಾ ತೊಟ್ಟು ಅದೇ ಗಾಡಿ ಹತ್ತುವವಳಿಗೂ ಇದು ಹೀಗೆಯೇ. ಈ ಚೂರುಪಾರು ಸಮಯ ಕಥೆಯಾಗುವಷ್ಟು ದೊಡ್ಡದಲ್ಲ ಎಂದು ತೀರ್ಮಾನಿಸಿದವರು ಯಾರು?

ನಮ್ಮ ಸಿನಿಮಾ ಯುವಕರ ದುಡಿಮೆಯನ್ನು ಮೊದಲಿನಿಂದಲೂ ತ್ಯಾಗವಾಗಿ ನೋಡಿದೆ. 1972ರ 'ಬಂಗಾರದ ಮನುಷ್ಯ'ದ ರಾಜೀವ ಅದಕ್ಕೆ ದೊಡ್ಡ ಉದಾಹರಣೆ. ಅಕ್ಕನ ಸಂಸಾರಕ್ಕಾಗಿ ತನ್ನ ಯೌವನವನ್ನು ಮಣ್ಣಿಗೆ ಕೊಟ್ಟು, ಕೊನೆಗೆ ಏನನ್ನೂ ಇಟ್ಟುಕೊಳ್ಳದೆ ಹೊರಟುಹೋಗುವವನು. ಅಂಥವನಿಗೆ ಭಾನುವಾರವೇ ಇರುವುದಿಲ್ಲ. ಆ ಚಿತ್ರವನ್ನು ಮೆಚ್ಚಿದ ತಂದೆತಾಯಂದಿರು ಮಕ್ಕಳ ಬೈಕು ಸುತ್ತಾಟವನ್ನು ಸಹಿಸದಿದ್ದರೆ ಆಶ್ಚರ್ಯವಿಲ್ಲ.

ಈ ತ್ಯಾಗದ ಮಾದರಿಯನ್ನು ಬಿಟ್ಟು ಬೇರೆ ದಾರಿ ಹಿಡಿದ ಚಿತ್ರ ಪವನ್ ಕುಮಾರರ 'ಲೂಸಿಯಾ' (2013). ಪ್ರೇಕ್ಷಕರಿಂದಲೇ ಹಣ ಕೂಡಿಸಿ ತೆಗೆದದ್ದು. ಅದರ ನಾಯಕ ನಿಕ್ಕಿ ಬೆಂಗಳೂರಿನ ಹಳೆಯ ಚಿತ್ರಮಂದಿರವೊಂದರಲ್ಲಿ ತಡವಾಗಿ ಬಂದವರಿಗೆ ಟಾರ್ಚು ಬಿಟ್ಟು ಸೀಟು ತೋರಿಸುವವನು. ಆ ಪಾತ್ರ ಮಾಡಿದ ಸತೀಶ್ ನೀನಾಸಂ ಮಂಡ್ಯ ಜಿಲ್ಲೆಯವರು. ನಿಕ್ಕಿಯ ಬಾಯಲ್ಲಿ ಹಳ್ಳಿಯ ಕನ್ನಡ ನಾಲಗೆಯಿಂದಲೇ ಬರುತ್ತದೆ, ಬರಹದಿಂದಲ್ಲ. ಬೇರೆಯವರ ಮನರಂಜನೆಯೇ ಈತನ ನೌಕರಿ. ಊರೆಲ್ಲ ಆರಾಮಾಗಿ ಕೂತಿರುವಾಗ ಇವನು ನಿಂತಿರಬೇಕು. ರಾತ್ರಿ ನಿದ್ದೆ ಬಾರದ ಅವನಿಗೆ ಒಂದು ಮಾತ್ರೆ ಸಿಗುತ್ತದೆ, ಮಾತ್ರೆಯೊಳಗೆ ಬಯಸಿದ ಕನಸು. ಅವನು ಮೆಚ್ಚುವ ಶ್ವೇತಾ ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುವವಳು. ಕನ್ನಡದ ತೆರೆಯ ಮೇಲೆ ಇಬ್ಬರೂ ದಿನಗೂಲಿಯ ಲೆಕ್ಕದಲ್ಲಿ ಬದುಕುವವರಾಗಿ ಪ್ರೀತಿಸುವುದು ಅಪರೂಪ. ಸಂಬಳ ಎಷ್ಟು, ಯಾರ ಕೆಲಸಕ್ಕೆ ಹೆಚ್ಚು ಮರ್ಯಾದೆ, ಇಂಗ್ಲಿಷ್ ಬರುತ್ತದೋ ಇಲ್ಲವೋ ಎಂಬ ಸಂಗತಿಗಳು ಪ್ರೀತಿಯ ಒಳಗೇ ಬಂದು ಕೂರುತ್ತವೆ. ಈ ಭಾಗ ಬಹಳ ಚೆನ್ನಾಗಿದೆ.

ಆದರೆ ಚಿತ್ರದ ತಿರುವು ಇನ್ನೇನನ್ನೋ ಹೇಳುತ್ತದೆ. ನಿಕ್ಕಿಯ ಬದುಕು ಬಣ್ಣದಲ್ಲಿದೆ, ಇನ್ನೊಂದು ಬದುಕಿನ ಸಿನಿಮಾ ತಾರೆಯದು ಕಪ್ಪು ಬಿಳುಪಿನಲ್ಲಿ. ಟಾರ್ಚಿನವನು ತಾರೆಯಾಗುವ ಕನಸು ಕಾಣುತ್ತಿದ್ದಾನೆ ಎಂದು ನಾವು ನಂಬಿರುವಾಗ, ಕನಸು ಕಾಣುತ್ತಿರುವವನು ತಾರೆ, ಟಾರ್ಚಿನವನೇ ಕನಸು ಎಂದು ತಿಳಿಯುತ್ತದೆ. ಜಾಣತನದ ಕಟ್ಟಡವಿದು, ಅನುಮಾನವಿಲ್ಲ. ಆದರೂ ಅಲ್ಲಿ ಒಂದು ಮುಳ್ಳಿದೆ. ಸಣ್ಣ ಸಂಬಳ, ಸಣ್ಣ ಕೋಣೆ, ಸಣ್ಣ ಸಂತೋಷ ಬಣ್ಣಬಣ್ಣವಾಗಿ ಕಾಣುವುದು ಅದನ್ನು ಬದುಕದೆ ಕನಸು ಕಾಣುವವನಿಗೆ! ದಣಿದ ಶ್ರೀಮಂತನಿಗೆ ಬಡವನ ದಿನಚರಿ ಒಂದು ಪ್ರವಾಸಿ ತಾಣ. ನಿಜವಾದ ನಿಕ್ಕಿಗಳಿಗೆ ನಿದ್ದೆ ಬಾರದಿರುವುದು ರಾತ್ರಿ ಆಟ ಮುಗಿಯುವ ಹೊತ್ತಿಗೆ ಊರ ಕಡೆಯ ಬಸ್ಸು ಹೋಗಿಬಿಟ್ಟಿರುತ್ತದೆ ಎಂಬಂಥ ಕಾರಣಕ್ಕೆ. ಆ ಕಾರಣಕ್ಕೆ ಮಾತ್ರೆಯಿಲ್ಲ.

ಗಾರ್ಮೆಂಟ್ಸ್‌ನ ಹುಡುಗಿಗೆ ಈ ಕನಸಿನ ಬಣ್ಣವೂ ಸಿಕ್ಕಿಲ್ಲ. ನಾನು ನೋಡಿದ ಮುಖ್ಯಧಾರೆಯ ಚಿತ್ರಗಳಲ್ಲಿ ಅವಳು ರಸ್ತೆ ದಾಟುವ ಗುಂಪು ಮಾತ್ರ. ಪತ್ರಿಕೆಗಳಲ್ಲಿ ಅವಳು ಕಾಣಿಸಿಕೊಳ್ಳಲು ದೊಡ್ಡದೇನಾದರೂ ನಡೆಯಬೇಕು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ನಿಯಮ ಬದಲಿಸಿ, ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಬಹುಪಾಲು ಹೆಂಗಸರು, ಯಾವ ದೊಡ್ಡ ನಾಯಕರೂ ಇಲ್ಲದೆ ಬೀದಿಗಿಳಿದು ಹೆದ್ದಾರಿ ತಡೆದರು. ಎರಡನೆಯ ದಿನವೇ ಆ ನಿಯಮ ವಾಪಸಾಯಿತು. 2020ರ ಜೂನ್‌ನಲ್ಲಿ ಮಂಡ್ಯ ಜಿಲ್ಲೆಯದೇ ಆದ ಶ್ರೀರಂಗಪಟ್ಟಣದಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಯೊಂದು ಮುಚ್ಚಿದಾಗ, ಕೆಲಸ ಕಳೆದುಕೊಂಡ ಸುಮಾರು 1200 ಮಂದಿಯಲ್ಲಿ ಹೆಚ್ಚಿನವರು ಹೆಂಗಸರೇ. ಅವರು ವಾರಗಟ್ಟಲೆ ಪ್ರತಿಭಟಿಸಿದರು. ಆಗೆಲ್ಲ ಅವರ ಬಗ್ಗೆ ಬರೆದವರು ನಮ್ಮಂಥ ಪ್ರಗತಿಪರರು. ಬರೆದದ್ದು ಸರಿಯಾಗಿಯೇ ಇತ್ತು. ಆದರೆ ನಮ್ಮ ಬರಹದಲ್ಲೂ ಅವಳು ನೊಂದವಳಾಗಿ, ಇಲ್ಲವೇ ಹೋರಾಟಗಾರ್ತಿಯಾಗಿ ಮಾತ್ರ ಬರುತ್ತಾಳೆ. ಕಳೆದ ವಾರ ಯಾವ ಸಿನಿಮಾ ನೋಡಿದೆಯಮ್ಮ, ಹಿಡಿಸಿತಾ ಎಂದು ಕೇಳಿದ ವರದಿಯನ್ನು ನಾನು ಓದಿಲ್ಲ. ಸಿನಿಮಾದವರಿಗೆ ಅವಳ ಹಾಡು ಬೇಡ, ನಮಗೆ ಅವಳ ಕಣ್ಣೀರು ಬೇಕು. ಕೂಡಿಟ್ಟ ಭವಿಷ್ಯನಿಧಿಯನ್ನು ಬೇಕೆಂದಾಗ ತೆಗೆದುಕೊಳ್ಳುವ ಹಟದೊಳಗೆ, ಬೇಡವಾದ ಕೆಲಸವನ್ನು ಬಿಟ್ಟು ನಾಲ್ಕು ತಿಂಗಳು ತನ್ನಿಷ್ಟದಂತೆ ಇರುವ ಆಸೆಯೂ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಹೆಂಗಸರ ಪುರುಸೊತ್ತನ್ನು ಸಮಾಜ ಹೇಗೆ ನೋಡುತ್ತದೆ ಎಂಬುದು 2023ರ ಜೂನ್ 11ರ ನಂತರ ಬಯಲಿಗೆ ಬಂತು. ಅಂದು ರಾಜ್ಯದ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿಗೆ ಹಣ ಕೊಡಬೇಕಿಲ್ಲದ 'ಶಕ್ತಿ' ಯೋಜನೆ ಜಾರಿಗೆ ಬಂತು. ಕೆಲಸಕ್ಕೆ ಹೋಗುವವರು ಹೋದರು, ಅದನ್ನು ಯಾರೂ ಆಡಿಕೊಳ್ಳಲಿಲ್ಲ. ಆದರೆ ಹತ್ತಾರು ಹೆಂಗಸರು ಸೇರಿ ಧರ್ಮಸ್ಥಳಕ್ಕೋ ಚಾಮುಂಡಿ ಬೆಟ್ಟಕ್ಕೋ ಹೊರಟದ್ದೇ ತಡ, ಮೊಬೈಲುಗಳ ತುಂಬ ನಗೆಹನಿಗಳು. ಹೆಂಡತಿ ಊರು ಸುತ್ತಲು ಹೋಗಿದ್ದಾಳೆ, ಗಂಡ ಅನ್ನಕ್ಕಿಡುತ್ತಿದ್ದಾನೆ ಎಂಬ ಥರದವು. ಸರ್ಕಾರದ ಖರ್ಚಿನ ಬಗ್ಗೆ ತಕರಾರು ಇರಬಹುದು, ಅದು ಬೇರೆಯೇ ಚರ್ಚೆ. ಈ ನಗೆಹನಿಗಳ ತಕರಾರು ಹಣದ್ದಲ್ಲ. ಕೆಲಸವಿಲ್ಲದೆ, ಸಾವು ಮದುವೆಗಳ ನೆಪವಿಲ್ಲದೆ ಹೆಣ್ಣು ಕಿಟಕಿ ಪಕ್ಕ ಕೂತು ಹೋಗುತ್ತಿದ್ದಾಳಲ್ಲ ಎಂಬುದರದ್ದು. ಗಡ್ಡಪ್ಪ ತಿರುಗಿದರೆ ಅವಧೂತ, ಅಭಿ ತಿರುಗಿದರೆ ವಯಸ್ಸು, ಇವರು ತಿರುಗಿದರೆ ನಗೆಹನಿ.

'ತಿಥಿ'ಯಂಥ ಚಿತ್ರ ಮಾಡಿದವರಿಗೆ ಈ ಬಸ್ಸು ದೂರದ್ದೇನಲ್ಲ. ಊರ ಜನರ ಬಾಯಿಂದಲೇ ಮಾತಾಡಿಸುವುದು ಅವರಿಗೆ ಗೊತ್ತಿದೆ, ಏನೂ ನಡೆಯದ ಮಧ್ಯಾಹ್ನವನ್ನು ನೋಡುವ ತಾಳ್ಮೆ ಇದೆ. ಕಥೆಯೂ ದೊಡ್ಡದು ಬೇಕಿಲ್ಲ. ಒಂದು ಭಾನುವಾರ, ಓಟಿ ಇದೆ ಎಂದು ಮನೆಯಲ್ಲಿ ಹೇಳಿ ಹೊರಟ ಮೂವರು ಹುಡುಗಿಯರು, ಮಳವಳ್ಳಿಯ ಕಡೆಗೆ ಬಸ್ಸು ಹಿಡಿದು ಗಗನಚುಕ್ಕಿಯ ನೀರು ನೋಡಿ, ಕತ್ತಲಾಗುವ ಮುಂಚೆ ಮನೆ ಸೇರಬೇಕು. ದಾರಿಯಲ್ಲಿ ಪರಿಚಯದವರು ಕಂಡರೆ ಏನು ಹೇಳುವುದು, ಒದ್ದೆಯಾದ ಚೂಡಿದಾರ್ ಒಣಗುವುದು ಯಾವಾಗ, ಮೂರು ಡಬ್ಬಿಯ ಅನ್ನವನ್ನು ಎಲ್ಲಿ ಕೂತು ತಿನ್ನುವುದು?