ವೇದಿಕೆಯೂ ಕೆಲಸದ ಜಾಗವೇ: ಪಾಶ್ ಕಾಯ್ದೆಯ ಎಂಟು ಸಾಲುಗಳಿಗೆ ಒಂದು ವ್ಯಾಖ್ಯಾನ

ನವೆಂಬರ್ ಬಂತೆಂದರೆ ಪೀಣ್ಯದ ಕಾರ್ಖಾನೆಗಳ ಅಂಗಳದಲ್ಲಿ, ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್‌ನ ಐಟಿ ಕ್ಯಾಂಪಸ್ಸುಗಳಲ್ಲಿ ರಾಜ್ಯೋತ್ಸವದ ಶಾಮಿಯಾನ ಏಳುತ್ತದೆ. ಬೆಳಿಗ್ಗೆ ಬಾವುಟ, ಭಾಷಣ, ಸಂಜೆಗೆ ಆರ್ಕೆಸ್ಟ್ರಾ. ಬ್ಯಾನರ್ ಮೇಲೆ ಹೆಸರಾಂತ ಗಾಯಕರ ಫೋಟೋ. ಅವರ ಹಿಂದೆ ಕೋರಸ್ ಹಾಡುವ ಹೆಣ್ಣುಮಕ್ಕಳು, ಡ್ಯಾನ್ಸರ್‌ಗಳು, ನಿರೂಪಕಿ. ಸೀರೆ ಬದಲಿಸಲು ಇವರಿಗೆ ಸಿಗುವುದು ಸೆಕ್ಯುರಿಟಿ ಕೋಣೆಯೋ ಸ್ಟೋರ್ ರೂಮೋ. ಬಾಗಿಲಿಗೆ ಚಿಲಕವಿಲ್ಲದಿದ್ದರೆ ಒಬ್ಬಳು ಹೊರಗೆ ಕಾವಲು ನಿಲ್ಲುತ್ತಾಳೆ. ಅದೇ ಕಟ್ಟಡದ ಲಿಫ್ಟ್ ಪಕ್ಕದ ಗೋಡೆಯಲ್ಲಿ ಆಂತರಿಕ ಸಮಿತಿಯ ಸದಸ್ಯರ ಹೆಸರು, ಫೋನ್ ನಂಬರ್ ಬರೆದ ಬೋರ್ಡು ತೂಗುತ್ತಿರುತ್ತದೆ. ಆ ಬೋರ್ಡಿನ ಮೇಲೆ ತನಗೂ ಹಕ್ಕಿದೆ ಎಂದು ಹಾಡಲು ಬಂದವಳಿಗೆ ಯಾರೂ ಹೇಳಿರುವುದಿಲ್ಲ.

ಹಕ್ಕು ಇದೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಆ ಹಕ್ಕನ್ನು ಕೊಟ್ಟಿದೆ. ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿನಿಂದ ಹುಟ್ಟಿ, 2013ರ ಡಿಸೆಂಬರ್ 9ರಂದು ಜಾರಿಗೆ ಬಂದ ಈ ಕಾಯ್ದೆಯನ್ನು ಎಲ್ಲರೂ ‘ಪಾಶ್’ ಎಂದೇ ಕರೆಯುತ್ತಾರೆ. ಹೆಸರಾಂತ ಕಲಾವಿದರ ಮೇಲೆ ಆರೋಪ ಬಂದಾಗಲೆಲ್ಲ ನಾವು ‘ಅವರು ಮಾಡಿದರೋ ಇಲ್ಲವೋ’ ಎಂದು ವಾದಿಸುತ್ತೇವೆ. ಆ ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಯಾವುದೆಂದು ಮಾತ್ರ ಕೇಳುವುದಿಲ್ಲ. ದಾರಿ ಇರುವುದು ಈ ಸಾಲುಗಳಲ್ಲಿ. ಕಾಯ್ದೆಯ ಒಂದೊಂದು ಮಾತಿನ ಸಾರವನ್ನು ಕೊಟ್ಟು ಅದರ ಅರ್ಥವನ್ನು ಕೆಳಗೆ ಬಿಡಿಸಿದ್ದೇನೆ.

ಸಾಲು 1. ಸೆಕ್ಷನ್ 2(ಎ): ನೊಂದ ಮಹಿಳೆ ಎಂದರೆ, ಯಾವುದೇ ವಯಸ್ಸಿನವಳು, ಅಲ್ಲಿ ನೌಕರಿಯಲ್ಲಿರಲಿ ಇಲ್ಲದಿರಲಿ.

‘ಇಲ್ಲದಿರಲಿ’ ಎಂಬುದೇ ಈ ಸಾಲಿನ ಜೀವ. ದೂರು ಕೊಡಲು ಐಡಿ ಕಾರ್ಡ್ ಬೇಕಿಲ್ಲ, ಸಂಬಳದ ಚೀಟಿ ಬೇಕಿಲ್ಲ. ಒಂದು ಸಂಜೆಗೆಂದು ಬಂದ ಗಾಯಕಿಯೂ ಕ್ಯಾಂಟೀನಿಗೆ ತರಕಾರಿ ತಂದವಳೂ ಇದರೊಳಗೆ ಬರುತ್ತಾರೆ. ‘ನೌಕರ’ ಎಂಬ ಪದವನ್ನೂ ಕಾಯ್ದೆ ಅಗಲವಾಗಿಯೇ ಹಿಡಿದಿದೆ: ದಿನಗೂಲಿ, ತಾತ್ಕಾಲಿಕ, ಗುತ್ತಿಗೆದಾರರ ಮೂಲಕ ಬಂದವರು, ತರಬೇತಿಯಲ್ಲಿರುವವರು, ಸಂಭಾವನೆ ಇಲ್ಲದೆ ದುಡಿಯುವವರು, ಎಲ್ಲರೂ ಸೇರುತ್ತಾರೆ. ‘ಅವಕಾಶ ಸಿಕ್ಕಿದ್ದೇ ದೊಡ್ಡದು’ ಎಂದು ಕಾಸಿಲ್ಲದೆ ಟ್ರ್ಯಾಕ್ ಹಾಡಿ ಬರುವ ಹೊಸ ಹುಡುಗಿಗೆ ಈ ಸಾಲು ಬಹಳ ಮುಖ್ಯ.

ಸಾಲು 2. ಸೆಕ್ಷನ್ 2(ಒ): ಕೆಲಸದ ಸ್ಥಳ ಎಂದರೆ ಕಚೇರಿ, ಕಾರ್ಖಾನೆ, ಮನರಂಜನೆಯ ಸಂಸ್ಥೆ, ಕೆಲಸದ ಸಲುವಾಗಿ ಹೋಗುವ ಯಾವುದೇ ಜಾಗ, ಮಾಲೀಕರು ಒದಗಿಸಿದ ವಾಹನ, ಮನೆ ಕೂಡ.

‘ಸಿನಿಮಾ, ಸಂಗೀತ ಎಂದರೆ ಆಫೀಸಾ?’ ಎಂದು ಕೇಳುವವರಿಗೆ ಕಾಯ್ದೆ ಮೊದಲೇ ಉತ್ತರ ಕೊಟ್ಟಿದೆ. ಮನರಂಜನೆಯ ಹೆಸರನ್ನು ಅದು ಎತ್ತಿ ಹೇಳಿದೆ. ಹಾಗಾಗಿ ರೆಕಾರ್ಡಿಂಗ್ ಸ್ಟುಡಿಯೋ ಕೆಲಸದ ಜಾಗ. ಹೊರಊರಿನ ಶೋಗೆ ಹೋದಾಗ ಇಳಿದುಕೊಳ್ಳುವ ಹೋಟೆಲ್ ಕೆಲಸದ ಜಾಗ. ರಾತ್ರಿ ಹನ್ನೆರಡಕ್ಕೆ ತುಮಕೂರು ರಸ್ತೆಯಲ್ಲಿ ವಾಪಸ್ ಬರುವ ತಂಡದ ಟೆಂಪೋ ಟ್ರಾವೆಲರ್ ಕೂಡ ಕೆಲಸದ ಜಾಗವೇ.

ಸಂಗೀತದಲ್ಲಿ ಈ ಸಾಲಿಗೆ ಇನ್ನೂ ಒಂದು ಆಳವಿದೆ. ಇಲ್ಲಿ ಪಾಠ ನಡೆಯುವುದು ಗುರುವಿನ ಮನೆಯಲ್ಲಿ, ಬಾಗಿಲು ಮುಚ್ಚಿ, ಒಬ್ಬರೇ ಒಬ್ಬರ ಮುಂದೆ ಕೂತು. ಭೋಪಾಲದ ಧ್ರುಪದ್ ಸಂಸ್ಥಾನದ ಗುರುಗಳ ಮೇಲೆ 2020ರಲ್ಲಿ ವಿದ್ಯಾರ್ಥಿನಿಯರು ಆರೋಪ ಮಾಡಿದಾಗ, ಗುರುಕುಲಕ್ಕೂ ದೂರು ಸಮಿತಿ ಬೇಕೆಂಬ ಮಾತು ದೇಶಕ್ಕೆಲ್ಲ ಕೇಳಿಸಿತು. ಗುರುಭಕ್ತಿ ನಮ್ಮ ಸಂಗೀತದ ಬಹುದೊಡ್ಡ ಬಲ. ಅದೇ ಭಕ್ತಿ ಶಿಷ್ಯೆಯ ಬಾಯಿ ಕಟ್ಟುವ ಹಗ್ಗವಾಗಬಾರದು.

ಸಾಲು 3. ಸೆಕ್ಷನ್ 4 ಮತ್ತು 6: ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ಸಮಿತಿ, ಹತ್ತಕ್ಕಿಂತ ಕಡಿಮೆಯಿದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿ.

ಪೀಣ್ಯದಲ್ಲಿ ಐದಾರು ಜನರ ಲೇತ್ ಶಾಪುಗಳು ಎಷ್ಟೋ ಇವೆ. ಎಂಟು ಜನರ ಆರ್ಕೆಸ್ಟ್ರಾ ತಂಡದ್ದೂ ಅದೇ ಲೆಕ್ಕ. ಇವರಿಗೆಲ್ಲ ಸ್ಥಳೀಯ ಸಮಿತಿಯೇ ಗತಿ. ಎರಡನೆಯ ಷರತ್ತನ್ನು ನಿಧಾನವಾಗಿ ಓದಬೇಕು. ತಾರೆಯ ಹೆಸರಿನಲ್ಲೇ ತಂಡ, ತಾರೆಯದ್ದೇ ಸ್ಟುಡಿಯೋ ಆಗಿದ್ದರೆ ಮಾಲೀಕನೂ ಆತನೇ. ಅಂಥ ಕಡೆ ಆತ ನೇಮಿಸಿದ ಸಮಿತಿಯ ಮುಂದೆ ನಿಲ್ಲಬೇಕಾಗಿಲ್ಲ, ನೇರ ಸ್ಥಳೀಯ ಸಮಿತಿಗೆ ಹೋಗಬಹುದು.

ಸಮಿತಿಗಳೇ ಇಲ್ಲದಿದ್ದರೆ? ಕೇರಳ ಹೈಕೋರ್ಟ್ 2022ರ ಮಾರ್ಚ್‌ನಲ್ಲಿ ಪ್ರತಿ ಸಿನಿಮಾ ತಯಾರಿಕಾ ಘಟಕದಲ್ಲೂ ಆಂತರಿಕ ಸಮಿತಿ ಇರಬೇಕೆಂದಿತು. 2024ರ ಆಗಸ್ಟ್‌ನಲ್ಲಿ ಮಲಯಾಳಂ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿ ಕುರಿತ ಹೇಮಾ ಸಮಿತಿಯ ವರದಿ ಬಯಲಾದ ಮೇಲೆ, ಕನ್ನಡ ಚಿತ್ರರಂಗದ ‘ಫೈರ್’ ಸಂಘಟನೆ ನಮ್ಮಲ್ಲೂ ನಿವೃತ್ತ ನ್ಯಾಯಮೂರ್ತಿಯ ಸಮಿತಿ ಬೇಕೆಂದು 153 ಜನರ ಸಹಿಯೊಂದಿಗೆ ಮುಖ್ಯಮಂತ್ರಿಗೆ ಮನವಿ ಕೊಟ್ಟಿತು. ಕಾಯ್ದೆ ಬಂದು ಹನ್ನೊಂದು ವರ್ಷ ಕಳೆದ ಮೇಲೂ, 2024ರ ಡಿಸೆಂಬರ್‌ನಲ್ಲಿ, ಜಿಲ್ಲಾ ಅಧಿಕಾರಿಗಳನ್ನು ನೇಮಿಸಿ, ಸ್ಥಳೀಯ ಸಮಿತಿಗಳನ್ನು ರಚಿಸಿ ಎಂದು ಸುಪ್ರೀಂ ಕೋರ್ಟ್ ಗಡುವು ಕೊಡಬೇಕಾಯಿತು. ಸಮಿತಿ ಇಲ್ಲದ ಕಡೆ ಜನಪ್ರಿಯತೆಯೇ ನ್ಯಾಯ ತೀರ್ಮಾನಿಸುತ್ತದೆ. ಅದು ಯಾವಾಗಲೂ ಒಂದೇ ಕಡೆ ವಾಲುತ್ತದೆ.

ಸಾಲು 4. ಸೆಕ್ಷನ್ 9: ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು, ಕಾರಣ ಒಪ್ಪಿಗೆಯಾದರೆ ಇನ್ನೂ ಮೂರು ತಿಂಗಳು.

ಇಡೀ ಕಾಯ್ದೆಯಲ್ಲಿ ಹೆಣ್ಣಿಗೆ ಅತಿ ಭಾರವಾದ ಸಾಲು ಇದು. ಹಾಡುವ ಹುಡುಗಿ ಮೂರು ತಿಂಗಳು ಯಾಕೆ ಸುಮ್ಮನಿರುತ್ತಾಳೆ? ಹೋದ ಶೋ ದುಡ್ಡು ಇನ್ನೂ ಬಂದಿರುವುದಿಲ್ಲ. ಹಾಡಿದ ಟ್ರ್ಯಾಕಿನಲ್ಲಿ ತನ್ನ ದನಿ ಉಳಿಯುತ್ತದೋ ಬೇರೆಯವರದ್ದು ಬರುತ್ತದೋ ಎಂಬುದು ಒಬ್ಬರ ಕೈಯಲ್ಲಿರುತ್ತದೆ. ಬರವಣಿಗೆಯ ಕರಾರು ಇರುವುದಿಲ್ಲ. ‘ಅವಳು ಕಿರಿಕ್’ ಎಂಬ ಒಂದು ಮಾತು ಹಬ್ಬಿದರೆ ಮುಂದಿನ ಸೀಸನ್ನಿಗೆ ಯಾರೂ ಕರೆಯುವುದಿಲ್ಲ. ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್ ಮುಂದೆ ತಲೆ ತಗ್ಗಿಸುವ ಹೆಂಗಸಿನ ಲೆಕ್ಕವೂ ಇದೇ. ಬಾಕಿ ಸಂಬಳ, ಮುಂದಿನ ತಿಂಗಳ ಬಾಡಿಗೆ, ಮನೆಯವರ ಬಾಯಿ.

ನಟಿ ಶ್ರುತಿ ಹರಿಹರನ್ 2018ರ ಅಕ್ಟೋಬರ್‌ನಲ್ಲಿ ನಟ ಅರ್ಜುನ್ ಸರ್ಜಾ ಮೇಲೆ ಆರೋಪ ಮಾಡಿದ್ದು ‘ವಿಸ್ಮಯ’ ಚಿತ್ರದ 2015ರ ಚಿತ್ರೀಕರಣದ ಬಗ್ಗೆ. ಪಾಶ್ ಗಡುವು ಆಗಲೇ ಮುಗಿದಿತ್ತು. ಅವರು ಕಬ್ಬನ್ ಪಾರ್ಕ್ ಠಾಣೆಗೆ ಹೋಗಿ ದೂರು ಕೊಟ್ಟರು. ಅರ್ಜುನ್ ಆರೋಪವನ್ನು ಪೂರ್ತಿ ನಿರಾಕರಿಸಿದರು. ಸಾಕ್ಷ್ಯ ಸಾಲದೆಂದು ಪೊಲೀಸರು 2021ರಲ್ಲಿ ಬಿ ರಿಪೋರ್ಟ್ ಹಾಕಿದರು. ಇದರಿಂದ ಯಾರು ಸತ್ಯ ಹೇಳಿದರೆಂದು ಹೊರಗಿನವರು ತೀರ್ಪು ಕೊಡಲಾಗದು. ಘಟನೆ ನಡೆದಿದೆ ಎನ್ನುವ ಹೊತ್ತಿನಲ್ಲೇ ಆ ಸೆಟ್ಟಿನಲ್ಲಿ ದೂರು ಕೇಳುವ ನಂಬಿಕಸ್ಥ ಸಮಿತಿಯೊಂದಿದ್ದಿದ್ದರೆ, ನೆನಪು ಹಸಿಯಾಗಿರುವಾಗ, ಸುತ್ತ ಇದ್ದವರನ್ನೆಲ್ಲ ಕೂರಿಸಿ ಕೇಳಬಹುದಿತ್ತು. ಅದರ ಲಾಭ ಇಬ್ಬರಿಗೂ ಆಗುತ್ತಿತ್ತು.

ಬೇರೆ ಕಡೆ ಈ ಗಡುವಿನ ಕಷ್ಟವನ್ನು ಅರಿತು ಬಾಗಿಲು ತೆರೆದ ಉದಾಹರಣೆ ಇದೆ. ನ್ಯೂಯಾರ್ಕ್ ರಾಜ್ಯ 2022ರ ನವೆಂಬರ್‌ನಿಂದ ಒಂದು ವರ್ಷ, ಗಡುವು ಮೀರಿದ ಲೈಂಗಿಕ ದೌರ್ಜನ್ಯಗಳಿಗೂ ಸಿವಿಲ್ ದಾವೆ ಹೂಡಲು ಅವಕಾಶ ಕೊಟ್ಟಿತು. ಆ ವರ್ಷ ಮುಗಿಯಲು ಕೆಲವೇ ದಿನ ಬಾಕಿಯಿದ್ದಾಗ, 2023ರ ನವೆಂಬರ್ 16ರಂದು, ಗಾಯಕಿ ಕ್ಯಾಸಿ ವೆಂಚುರಾ ರ‍್ಯಾಪ್ ಸಂಗೀತದ ಉದ್ಯಮಿ ಶಾನ್ ಕೂಂಬ್ಸ್ ವಿರುದ್ಧ ದಾವೆ ಹೂಡಿದರು. ನಮ್ಮಲ್ಲೂ, ತಮ್ಮ ಮೇಲೆ ಕಿರುಕುಳದ ಆರೋಪ ಮಾಡಿದ್ದಕ್ಕೆ ಮಾಜಿ ಕೇಂದ್ರ ಸಚಿವ ಎಂ.ಜೆ. ಅಕ್ಬರ್ ಹೂಡಿದ್ದ ಮಾನನಷ್ಟ ಮೊಕದ್ದಮೆಯಲ್ಲಿ 2021ರ ಫೆಬ್ರುವರಿ 17ರಂದು ಪತ್ರಕರ್ತೆ ಪ್ರಿಯಾ ರಮಾನಿ ಅವರನ್ನು ಖುಲಾಸೆ ಮಾಡಿದ ದೆಹಲಿ ನ್ಯಾಯಾಲಯ, ದಶಕಗಳ ನಂತರವೂ ಹೆಣ್ಣು ತನ್ನ ನೋವು ಹೇಳಿಕೊಳ್ಳಬಹುದು ಎಂದಿತು. ಸೆಕ್ಷನ್ 9 ಇದನ್ನು ನೋಡಿ ಕಲಿಯಬೇಕು. ಗಡುವು ಕನಿಷ್ಠ ಒಂದು ವರ್ಷವಾದರೂ ಆಗಲಿ.

ಸಾಲು 5. ಸೆಕ್ಷನ್ 10: ಮಹಿಳೆ ಕೇಳಿಕೊಂಡರೆ ಮಾತ್ರ ರಾಜಿ, ಹಣ ರಾಜಿಯ ಆಧಾರವಾಗುವಂತಿಲ್ಲ.

ಶ್ರುತಿ ಪ್ರಕರಣದಲ್ಲಿ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಹಿರಿಯ ನಟ ಅಂಬರೀಷ್ ಮುಂದಾಳತ್ವದಲ್ಲಿ ಸಂಧಾನದ ಸಭೆ ನಡೆಯಿತು, ಫಲಿಸಲಿಲ್ಲ. ಹಿರಿಯರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಕಾಯ್ದೆಯ ಕಣ್ಣಿಗೆ ರಾಜಿಯನ್ನು ಕೇಳಬೇಕಾದವಳು ನೊಂದವಳು, ಮಾಡಿಸಬೇಕಾದದ್ದು ಸಮಿತಿ.

ಹಣದ ಮಾತಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲೇ ನಿದರ್ಶನವಿದೆ. ಇನ್ಫೋಸಿಸ್‌ನ ಅಮೆರಿಕದ ಮಾರಾಟದ ತಾರೆ ಎನಿಸಿದ್ದ ಫಣೀಶ್ ಮೂರ್ತಿ, ಮಾಜಿ ಉದ್ಯೋಗಿಯೊಬ್ಬರು ಅಲ್ಲಿ ಹೂಡಿದ ಕಿರುಕುಳದ ದಾವೆಯ ನಡುವೆ 2002ರಲ್ಲಿ ಕಂಪನಿ ಬಿಟ್ಟರು. 2003ರಲ್ಲಿ 30 ಲಕ್ಷ ಡಾಲರಿಗೆ ದಾವೆ ನ್ಯಾಯಾಲಯದ ಹೊರಗೆ ಇತ್ಯರ್ಥವಾಯಿತು. ಕ್ಯಾಸಿ ದಾವೆಯೂ ಹೂಡಿದ ಮರುದಿನವೇ ಇತ್ಯರ್ಥವಾಯಿತು. ಆದರೆ ಅದರಿಂದ ಹೊರಬಿದ್ದ ವಿವರ ಒಳಗೆ ಹೋಗಲಿಲ್ಲ. ಕೂಂಬ್ಸ್ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯಿತು. 2025ರಲ್ಲಿ ಗುರುತರ ಆರೋಪಗಳಿಂದ ಅವರು ಬಿಡುಗಡೆಯಾದರೂ, ವೇಶ್ಯಾವಾಟಿಕೆಗಾಗಿ ಜನರನ್ನು ಸಾಗಿಸಿದ ಎರಡು ಆರೋಪಗಳಲ್ಲಿ 50 ತಿಂಗಳ ಸೆರೆವಾಸವಾಯಿತು. ಭಾರತದ ಕಾಯ್ದೆ ವಿಚಾರಣೆಯ ನಂತರದ ಪರಿಹಾರಕ್ಕೆ ದಾರಿ ಇಟ್ಟಿದೆ, ಬಾಯಿ ಮುಚ್ಚಿಸುವ ಹಣಕ್ಕೆ ಇಟ್ಟಿಲ್ಲ. ಇದು ಸರಿಯಾದ ನಿಲುವು.

ಸಾಲು 6. ಸೆಕ್ಷನ್ 14: ದುರುದ್ದೇಶದ ಸುಳ್ಳು ದೂರಿಗೆ ಕ್ರಮ ಉಂಟು, ಆದರೆ ಸಾಬೀತು ಮಾಡಲಾಗದ ಮಾತ್ರಕ್ಕೆ ದೂರು ಸುಳ್ಳಾಗದು.

ಈ ಸಾಲಿನ ಮೊದಲರ್ಧ ಎಲ್ಲರಿಗೂ ಬಾಯಿಪಾಠ, ಎರಡನೆಯ ಅರ್ಧ ಯಾರಿಗೂ ನೆನಪಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆದದ್ದಕ್ಕೆ ಸಾಕ್ಷಿ ಸಿಗುವುದು ಕಷ್ಟವೆಂದು ಕಾನೂನೇ ಒಪ್ಪಿದೆ.

ಹೊರಗೆ ಮಾತ್ರ ಇದರ ವಿರುದ್ಧವೇ ನಡೆಯುತ್ತದೆ. ಶ್ರುತಿ ಮೇಲೆ ಅರ್ಜುನ್ ಕಡೆಯಿಂದ 5 ಕೋಟಿ ರೂಪಾಯಿಯ ಮಾನನಷ್ಟ ದಾವೆ ಬಿತ್ತು. ಮಾನ ಎಲ್ಲರಿಗೂ ಇದೆ, ದಾವೆ ಹೂಡುವ ಹಕ್ಕೂ ಇದೆ. ಆದರೆ ಅಷ್ಟು ದೊಡ್ಡ ಮೊತ್ತ ಕೇಳಿದ ಕೋರಸ್ ಹುಡುಗಿ ತನ್ನ ದೂರನ್ನು ನುಂಗಿಕೊಳ್ಳುತ್ತಾಳೆ. ಗಾಯಕಿ ಚಿನ್ಮಯಿ 2018ರಲ್ಲಿ ಕವಿ ವೈರಮುತ್ತು ಮೇಲೆ ಆರೋಪ ಮಾಡಿದರು, ವೈರಮುತ್ತು ಅಲ್ಲಗಳೆದರು. ಮರುತಿಂಗಳೇ ಚಂದಾ ಬಾಕಿಯ ಕಾರಣ ಹೇಳಿ ಡಬ್ಬಿಂಗ್ ಕಲಾವಿದರ ಸಂಘ ಚಿನ್ಮಯಿಯನ್ನು ಹೊರಗಿಟ್ಟಿತು. ಅದೇ ವರ್ಷ ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಆರೋಪ ಹೊತ್ತ ಏಳು ಮಂದಿ ಕಲಾವಿದರನ್ನು ಮಾರ್ಗಳಿ ಕಛೇರಿಗಳಿಂದ ಕೈಬಿಟ್ಟಿತ್ತು. ಬೇಕೆಂದರೆ ಸಂಸ್ಥೆ ನಿಲುವು ತಳೆಯಬಲ್ಲದು ಎಂಬುದಕ್ಕೆ ಅದು ಸಾಕ್ಷಿ.

ಸಾಲು 7. ಸೆಕ್ಷನ್ 16: ದೂರಿನ ವಿವರ, ಇಬ್ಬರ ಗುರುತು, ವಿಚಾರಣೆ ಯಾವುದನ್ನೂ ಬಹಿರಂಗಪಡಿಸುವಂತಿಲ್ಲ.

ಗುಟ್ಟು ಇಲ್ಲಿ ಇಬ್ಬರಿಗೂ ರಕ್ಷೆ. ಸಮಿತಿ ಇಲ್ಲದಲ್ಲಿ ಹೆಣ್ಣುಮಕ್ಕಳಿಗೆ ಉಳಿಯುವುದು ಜಾಲತಾಣ ಒಂದೇ. 2018ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಗಾಯಕ ರಘು ದೀಕ್ಷಿತ್ ತಮ್ಮ ಮೇಲೆ ಬಂದ ಆರೋಪಕ್ಕೆ, ಕೆಲವು ವಿವರಗಳನ್ನು ಒಪ್ಪದಿದ್ದರೂ, ಅಲ್ಲೇ ಬಹಿರಂಗವಾಗಿ ಕ್ಷಮೆ ಕೇಳಿದರು. ಆರೋಪವೂ ಕ್ಷಮೆಯೂ ಲಕ್ಷಾಂತರ ಜನರ ಮುಂದೆ ನಡೆದವು. ಹೇಳಿಕೊಂಡವಳಿಗೆ ಪರಿಹಾರವೇನು, ಮುಂದೆ ಬರುವವಳಿಗೆ ಭದ್ರತೆಯೇನು ಎಂಬುದನ್ನು ಜಾಲತಾಣ ತೀರ್ಮಾನಿಸಲಾರದು.

ಸಾಲು 8. ಸೆಕ್ಷನ್ 19: ಕೆಲಸದ ಜಾಗಕ್ಕೆ ಬಂದುಹೋಗುವವರಿಂದಲೂ ಮಹಿಳೆಗೆ ಸುರಕ್ಷತೆ ಕೊಡುವುದು ಮಾಲೀಕನ ಹೊಣೆ, ತಪ್ಪು ಮಾಡಿದವನು ಹೊರಗಿನವನಾದರೆ, ಅವಳು ಬಯಸಿದಲ್ಲಿ, ಪೊಲೀಸ್ ಕ್ರಮಕ್ಕೆ ಮುಂದಾಗುವುದೂ ಅವನ ಹೊಣೆ.

ಬೆಂಗಳೂರಿನ ಹೊರವಲಯದ ಕಂಪನಿಗಳಿಗೆ ಈ ವ್ಯಾಖ್ಯಾನದಿಂದ ಒಂದೇ ಸಾಲು ತಲುಪಬೇಕಾದರೆ ಇದು ತಲುಪಲಿ. ‘ಆರ್ಕೆಸ್ಟ್ರಾದವರು ನಮ್ಮವರಲ್ಲ, ಇವೆಂಟ್ ಮ್ಯಾನೇಜರನ್ನು ಕೇಳಿ’ ಎಂದು ಎಚ್‌ಆರ್ ಜಾರಿಕೊಳ್ಳುವಂತಿಲ್ಲ. ವೇದಿಕೆ ನಿಮ್ಮದು, ಕರೆದವರು ನೀವು, ಅತಿಥಿಯ ಹೊಣೆಯೂ ನಿಮ್ಮದು. ನೊಂದವಳು ಠಾಣೆಗೆ ಹೋಗುತ್ತೇನೆಂದರೆ ಜೊತೆ ನಿಲ್ಲುವುದನ್ನೂ ಕಾಯ್ದೆ ಕಡ್ಡಾಯ ಮಾಡಿದೆ. ಲೈಂಗಿಕ ಕಿರುಕುಳ ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 75ರಡಿ ಅಪರಾಧ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಕಲಾವಿದರ ತಂಡದೊಂದಿಗಿನ ಕರಾರಿನಲ್ಲಿ ಪಾಶ್ ಬಗ್ಗೆ ಒಂದು ಪ್ಯಾರಾ ಬರಲಿ. ಸಮಿತಿಯ ನಂಬರನ್ನು ಗ್ರೀನ್ ರೂಮಿನ ಬಾಗಿಲಿಗೂ ಅಂಟಿಸಿ, ಆ ಬಾಗಿಲಿಗೆ ಚಿಲಕ ಹಾಕಿಸಿ. ಹೆಣ್ಣುಮಕ್ಕಳ ಸಂಭಾವನೆ ನೇರ ಅವರ ಖಾತೆಗೇ ಹೋಗಲಿ. ಬಾಕಿ ಹಣ ಯಾರ ಕೈಯಲ್ಲೂ ಬೆದರಿಕೆಯ ಸಾಧನವಾಗದಿರಲಿ. ಇಷ್ಟನ್ನು ಕೇಳುವ ಶಕ್ತಿ ದುಡ್ಡು ಕೊಡುವ ಕಂಪನಿಗಿದೆ. ಹಾಡಲು ಬಂದವಳಿಗೆ ಇಲ್ಲ. ಶಕ್ತಿ ಇರುವವರು ಕೇಳದೆ ಬಿಟ್ಟರೆ, ಅವಳು ಮುಂದೆ ಒಬ್ಬಳೇ ನಿಂತು ಕೇಳಬೇಕಾಗುತ್ತದೆ, ಅದೂ ಎಲ್ಲ ಗಡುವೂ ಮುಗಿದ ಮೇಲೆ.